ಮೆಟ್ಟಿಲ ಮೇಲೆ ಕೂತು ಉಂಡ ದಿನಗಳು

ರಾಮನಗರ

ಜಪಾನಿಗೆ ಹೋಗಿ ಬಂದಿದ್ದೇನೆ ಎಂದರೆ ನಮ್ಮ ಶಾಲೆಯ ಮೇಷ್ಟರುಗಳು ಈಗಲೂ ಕೇಳುವುದು ಬುಲೆಟ್ ರೈಲು ಹತ್ತಿದಿರಾ, ಹಿಮದ ಬೆಟ್ಟ ನೋಡಿದಿರಾ ಎಂದು. ಎರಡೂ ಇಲ್ಲ. ನಾನು ಆ ದೇಶದಲ್ಲಿ ನೋಡಿದ್ದು ಒಂದು ಆಸ್ಪತ್ರೆಯ ಮೂರನೇ ಮಹಡಿ, ಅದರ ಹಿಂಬದಿಯ ಮೆಟ್ಟಿಲು, ಕಂಪನಿಯ ಗೆಸ್ಟ್ ಹೌಸಿನ ಕಿರಿದಾದ ಅಡುಗೆಮನೆ, ಇವುಗಳ ನಡುವೆ ಓಡಾಡುವ ಒಂದು ಸಿಟಿ ಬಸ್ಸು. ಇಷ್ಟನ್ನೇ ನೋಡಿದವಳು ಪ್ರವಾಸದ ಕಥೆ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ ಕೇಳಿದವರಿಗೆಲ್ಲ 'ಚೆನ್ನಾಗಿತ್ತು' ಎಂದು ಹೇಳಿ ಹೇಳಿ ಸಾಕಾಗಿದೆ.

ನಮ್ಮ ಯಜಮಾನರು ನಾಗರಾಜು, ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ಮೈಸೂರು ರಸ್ತೆಯ ಎರಡೂ ಕಡೆ ರಾಗಿ ಹೊಲ, ಹಿಪ್ಪುನೇರಳೆ ತೋಟ ಇದ್ದ ಜಾಗಗಳಲ್ಲಿ ಒಂದೊಂದಾಗಿ ಕಾಂಪೌಂಡು ಏಳುತ್ತಿದ್ದ ಕಾಲ ಅದು. ಕಂಪನಿ ಬಸ್ಸುಗಳು ರಾಮನಗರದಲ್ಲಿ ನಮ್ಮ ಬೀದಿಯ ತುದಿಗೂ ಬಂದು ಹಾರನ್ ಹೊಡೆದು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ಶಿಫ್ಟು ಬದಲಾದ ಹಾಗೆ ನಮ್ಮ ಮನೆಯ ಊಟದ ಹೊತ್ತೂ ಬದಲಾಗುತ್ತಿತ್ತು. ಒಂದು ವಾರ ಮಧ್ಯಾಹ್ನದ ಮುದ್ದೆ ಬೆಳಿಗ್ಗೆಯೇ, ಇನ್ನೊಂದು ವಾರ ಸಂಜೆಗೆ. ತಪ್ಪದೆ ಇದ್ದದ್ದು ಸಾತನೂರಿನಿಂದ ಬರುವ ಅತ್ತೆಯ ಫೋನು. ಮೊದಲು ಎಸ್‌ಟಿಡಿ ಬೂತಿನಿಂದ ಮಾಡುತ್ತಿದ್ದರು, ಆಮೇಲೆ ಮೈದುನನ ಮೊಬೈಲಿನಿಂದ.

"ಏನ್ ಸಾರವ್ವಾ ಇವತ್ತು?"

ನಮ್ಮ ಕಡೆ ಹೆಚ್ಚಾಗಿ ಮಾತು ಶುರುವಾಗುವುದೇ ಹಾಗೆ. ಚೆನ್ನಾಗಿದ್ದೀರಾ ಎಂದು ಕೇಳಿದರೆ ಯಾರಾದರೂ ಚೆನ್ನಾಗಿದ್ದೇವೆ ಎಂದೇ ಹೇಳುತ್ತಾರೆ. ಸಾರು ಕೇಳಿದರೆ ಮನೆಯ ಸ್ಥಿತಿ ಗೊತ್ತಾಗುತ್ತದೆ. ಬಸ್ಸಾರು ಎಂದರೆ ಸೊಪ್ಪು ಸಿಕ್ಕಿದೆ, ಸೊಪ್ಪು ಸೋಸಲು ಪುರುಸೊತ್ತೂ ಇದೆ. ಕೋಳಿ ಸಾರು ಎಂದರೆ ನೆಂಟರು ಬಂದಿದ್ದಾರೆ. ಅನ್ನ, ತಿಳಿಸಾರು ಎಂದರೆ ಯಾರಿಗೋ ಮೈ ಸರಿಯಿಲ್ಲ. ನಾನು ಹೇಳಿದ ಸಾರನ್ನು ಕೇಳಿಸಿಕೊಂಡು ಅತ್ತೆ ಮುಂದಿನ ಮಾತು ಯಾವುದೆಂದು ತೀರ್ಮಾನಿಸುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯವರು ನಮ್ಮ ಯಜಮಾನರನ್ನು ತರಬೇತಿಗೆಂದು ಜಪಾನಿಗೆ ಕಳಿಸಿದರು. ಭಾನುವಾರ ಭಾನುವಾರ ಫೋನು ಮಾಡಿ ತಾವೇ ಬೇಯಿಸಿಕೊಂಡದ್ದನ್ನು ವರ್ಣಿಸುತ್ತಿದ್ದರು. ಅನ್ನ ತಳ ಹಿಡಿದದ್ದು, ಮುದ್ದೆ ಗಂಟಾದದ್ದು. ಹೀಗೇ ನಗುತ್ತಾ ಇದ್ದಾಗ ಒಂದು ಮಧ್ಯಾಹ್ನ ಕಂಪನಿಯ ಆಫೀಸಿನವರೊಬ್ಬರು ನನ್ನ ಶಾಲೆಗೇ ಬಂದರು. ನಾನು ಐದನೇ ತರಗತಿಗೆ ಪದ್ಯ ಬಾಯಿಪಾಠ ಮಾಡಿಸುತ್ತಿದ್ದೆ. ನಮ್ಮ ಯಜಮಾನರು ಅಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಕೈಯಲ್ಲಿರುವಾಗಲೇ ಬಿದ್ದರಂತೆ. ಮಿದುಳಿನಲ್ಲಿ ರಕ್ತ ಸೋರಿ ಬಲಭಾಗ ಪೂರ್ತಿ ಸ್ವಾಧೀನ ತಪ್ಪಿದೆ, ಮಾತು ಹೋಗಿದೆ, ಜೀವಕ್ಕೆ ತೊಂದರೆಯಿಲ್ಲ ಎಂದರು. ನೀವು ಅಲ್ಲಿಗೆ ಹೋಗಲು ಕಂಪನಿ ವ್ಯವಸ್ಥೆ ಮಾಡುತ್ತದೆ ಎಂದರು. ಒಳಗೆ ಮಕ್ಕಳು ಅದೇ ಪದ್ಯವನ್ನು ಇನ್ನೂ ಹೇಳುತ್ತಲೇ ಇದ್ದರು.

ಮಗಳನ್ನು ಚನ್ನಪಟ್ಟಣದ ಅಕ್ಕನ ಮನೆಯಲ್ಲಿ ಬಿಟ್ಟೆ. ಹೊರಡುವ ದಿನ ಮೈದುನ ರಾಮಕೃಷ್ಣ ಸಾತನೂರಿನಿಂದ ಒಂದು ಚೀಲ ಹಿಡಿದುಕೊಂಡು ಬಂದ. ಅತ್ತೆ ಕೊಟ್ಟು ಕಳಿಸಿದ ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ.

"ಅತ್ತಿಗೆ, ಅವ್ವಂಗೆ ಎದೆ ಆಪ್ರೇಸನ್ ಆಗಿ ಇನ್ನೂ ಗಾಯ ಮಾಗಿಲ್ಲ," ಎಂದ. "ಅಣ್ಣ ಕಾಲ್ ಮುರ್ಕೊಂಡವ್ನೆ ಅಂತ ಯೋಳಿವ್ನಿ. ನೀವೂ ಹಂಗೇ ಯೋಳಿ. ಇಲ್ದಿದ್ರೆ ಅವ್ವ ಉಳಿಯಕಿಲ್ಲ."

ನಾನು ಆಗಲಿ ಎಂದೆ. ಆ ಹೊತ್ತಿನಲ್ಲಿ ಯಾರು ಏನು ಹೇಳಿದ್ದರೂ ಆಗಲಿ ಎನ್ನುತ್ತಿದ್ದೆ.

ನಗೋಯಾ

ವಿಮಾನದಲ್ಲಿ ಏನು ಕೊಟ್ಟರು, ಏನು ತಿಂದೆ ಎನ್ನುವುದು ನೆನಪಿಲ್ಲ. ನಗೋಯಾ ಪಟ್ಟಣದಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನವರು ನನ್ನ ಚೀಲ ಬಿಚ್ಚಿಸಿದ್ದು ನೆನಪಿದೆ. ಬಿಳಿ ಕೈಗವಸು ಹಾಕಿಕೊಂಡ ಒಬ್ಬ ಅಧಿಕಾರಿ ರಾಗಿ ಹಿಟ್ಟಿನ ಗಂಟನ್ನು ಎರಡು ಕೈಯಲ್ಲೂ ಎತ್ತಿ, ಇದು ಮಣ್ಣೇ ಎಂದು ಕೇಳಿದ. ಮಣ್ಣು ತರುವ ಹಾಗಿಲ್ಲವಂತೆ. ನನಗೆ ರಾಗಿಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಊಟ ಎಂದೆ. ಅವನು ಮೂಸಿ ನೋಡಿದ, ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಕೊನೆಗೆ ನಾನು ಗಂಟು ಬಿಚ್ಚಿ ಒಂದು ಚಿಟಿಕೆ ಹಸಿ ಹಿಟ್ಟನ್ನೇ ಬಾಯಿಗೆ ಹಾಕಿಕೊಂಡು ತೋರಿಸಿದೆ. ಹಿಟ್ಟು ಅಂಗುಳಕ್ಕೆ ಅಂಟಿ ಕೆಮ್ಮು ಬಂತು. ಇಬ್ಬರೂ ಗಾಬರಿಯಾಗಿ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ, ಗಂಟನ್ನು ನಾನು ಕಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು.

ಹೊರಗೆ ನನ್ನ ಹೆಸರು ಬರೆದ ಹಲಗೆ ಹಿಡಿದುಕೊಂಡು ಮೋರಿ ಎನ್ನುವವರು ನಿಂತಿದ್ದರು. ಕಂಪನಿಯ ದುಭಾಷಿ, ಸುಮಾರು ನನ್ನದೇ ವಯಸ್ಸಿನ ಹೆಂಗಸು. ನಿಧಾನವಾಗಿ, ಒಂದೊಂದೇ ಪದ ಇಟ್ಟು ಇಂಗ್ಲಿಷ್ ಮಾತಾಡುತ್ತಿದ್ದರು. ಕಾರಿನಲ್ಲಿ ಕೂತ ಮೇಲೆ ಅಭ್ಯಾಸದಿಂದ ನಾನು ಕೇಳಿದೆ: "ನಿಮ್ಮದು ಊಟ ಆಯಿತೇ?" ಅವರಿಗೆ ಗೊಂದಲವಾಯಿತು. ನಿಮಗೆ ಹಸಿವಾಗಿದೆಯೇ, ಎಲ್ಲಾದರೂ ನಿಲ್ಲಿಸಬೇಕೇ ಎಂದರು. ಇಲ್ಲ, ಸುಮ್ಮನೆ ಕೇಳಿದೆ ಎಂದೆ. ಆಮೇಲೆ ತಿಳಿಯಿತು, ಅಲ್ಲಿ ಪರಿಚಯವಿಲ್ಲದವರ ಮಧ್ಯೆ ಮಾತು ಶುರುವಾಗುವುದು ಹವೆಯಿಂದ. ಇವತ್ತು ಚಳಿ ಹೆಚ್ಚಲ್ಲವೇ ಎಂದರೆ ಹೌದು ಎನ್ನಬೇಕು. ಅಲ್ಲಿಗೆ ಮುಗಿಯಿತು.

ಮೂರನೇ ಮಹಡಿ

ಆಸ್ಪತ್ರೆ ನಗೋಯಾದಿಂದ ಆಚೆ ಒಂದು ಸಣ್ಣ ಪಟ್ಟಣದಲ್ಲಿತ್ತು. ಚಪ್ಪಲಿ ಕೆಳಗೇ ಬಿಟ್ಟು ಬೇರೆ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕು. ಸಾಲಾಗಿರುವ ಕೋಣೆಗಳಲ್ಲಿ ಮೂರನೇ ನಂಬರ್ ಆದ ಮೇಲೆ ಐದು. ನಾಲ್ಕು ಎನ್ನುವ ಶಬ್ದವೂ ಸಾವು ಎನ್ನುವ ಶಬ್ದವೂ ಅವರ ಭಾಷೆಯಲ್ಲಿ ಒಂದೇ ಥರ ಕೇಳುತ್ತವಂತೆ. ಅಷ್ಟು ದೊಡ್ಡ ದೊಡ್ಡ ಮಷೀನು ಮಾಡುವವರೂ ಹೀಗೆ ಹೆದರುತ್ತಾರಲ್ಲ ಎಂದು ಒಂದು ಥರದ ಸಮಾಧಾನವೂ ಆಯಿತು.

ಐದನೇ ಕೋಣೆಯಲ್ಲಿ ಎರಡು ಹಾಸಿಗೆ. ಕಿಟಕಿಯ ಪಕ್ಕ ನಮ್ಮ ಯಜಮಾನರು. ಬಾಯಿ ಒಂದು ಕಡೆಗೆ ಎಳೆದಿತ್ತು. ಮೂಗಿನಿಂದ ಒಂದು ನಳಿಕೆ ಒಳಗೆ ಹೋಗಿತ್ತು. ನನ್ನನ್ನು ನೋಡಿದರು. ಗುರುತು ಸಿಕ್ಕಿತು ಎನ್ನುವುದು ಕಣ್ಣಿನಲ್ಲಿ ಗೊತ್ತಾಯಿತು. ಏನೋ ಹೇಳಲು ಹೊರಟರು. ಗಾಳಿ ಮಾತ್ರ ಬಂತು. ಆ ಮನುಷ್ಯ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ 'ಏನ್ ಮಾಡಿದ್ದೀ?' ಎಂದು ಅಡುಗೆಮನೆ ಕಡೆ ಕೂಗುವವರು. ನಾನು ಅವರ ಎಡಗೈ ಹಿಡಿದುಕೊಂಡು ಕೂತೆ.

ಊಟದ ಹೊತ್ತಿಗೆ ನರ್ಸು ಬಂದು ಕಂಬಕ್ಕೆ ಒಂದು ಚೀಲ ನೇತುಹಾಕಿದಳು. ಕೆನೆ ಬಣ್ಣದ ನೀರು. ಅದು ಹನಿಹನಿಯಾಗಿ ನಳಿಕೆಗೆ ಇಳಿಯತೊಡಗಿದಾಗ ನರ್ಸು ಕೈಮುಗಿದು ಏನೋ ಹೇಳಿದಳು. ಅಲ್ಲಿನವರು ಊಟಕ್ಕೆ ಮುಂಚೆ ಹೇಳುವ ಮಾತು ಅದು, ಸ್ವೀಕರಿಸುತ್ತೇನೆ ಎಂದು ಅರ್ಥ ಎಂದು ಮೋರಿ ವಿವರಿಸಿದರು. ಅವರಿಗೆ ಹೇಳಲಾಗುವುದಿಲ್ಲವಲ್ಲ, ಅದಕ್ಕೆ ಅವಳೇ ಅವರ ಪರವಾಗಿ ಹೇಳುತ್ತಾಳೆ ಎಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಎದುರು ಮನೆಯ ಸೂರಿನಲ್ಲಿ ಸಿಪ್ಪೆ ಸುಲಿದ ಕಿತ್ತಳೆ ಬಣ್ಣದ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಒಣಗಲು ಇಳಿಬಿಟ್ಟಿದ್ದರು.

ಗೆಸ್ಟ್ ಹೌಸು

ಉಳಿದುಕೊಳ್ಳಲು ಕಂಪನಿಯವರು ಕೊಟ್ಟ ಕೋಣೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲಲಾಗದಷ್ಟು ಅಡುಗೆಮನೆ ಇತ್ತು. ಮೊದಲ ದಿನ ಹತ್ತಿರದ ಅಂಗಡಿಗೆ ಹೋಗಿ ಅಕ್ಕಿ, ತರಕಾರಿ, ಉಪ್ಪು ತಂದೆ. ಹುರುಳಿಕಾಳಿನ ಸಾರು ಕುದಿಸಿ ರುಚಿ ನೋಡಿದರೆ ಪಾಯಸ. ಉಪ್ಪು ಎಂದು ತಂದದ್ದು ಸಕ್ಕರೆ. ಪೊಟ್ಟಣದ ಮೇಲಿನ ಅಕ್ಷರಗಳು ನನ್ನ ಒಂದನೇ ತರಗತಿಯ ಮಕ್ಕಳಿಗೆ ಕನ್ನಡ ಹೇಗೆ ಕಾಣುತ್ತದೋ ಹಾಗೆ ಕಂಡವು. ಚೆಲ್ಲಲು ಮನಸ್ಸು ಬರಲಿಲ್ಲ, ಅತ್ತೆ ಕೊಟ್ಟ ಕಾಳು. ಆ ಸಿಹಿ ಸಾರಿನಲ್ಲೇ ಅನ್ನ ಕಲಸಿ ಉಂಡೆ.

ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ ಸಾತನೂರಿಗೆ ಫೋನು. ಅಲ್ಲಿ ಅದು ಮಧ್ಯಾಹ್ನ, ಅತ್ತೆ ಆಗಷ್ಟೇ ಉಂಡು ಜಗುಲಿಗೆ ಬಂದು ಕೂತಿರುವ ಹೊತ್ತು.

"ಏನ್ ಸಾರು ಮಾಡ್ಕೊಟ್ಟೆ ನನ್ ಮಗುಂಗೆ?"

"ಹುರುಳಿಕಾಳು ಸಾರು ಅತ್ತೆ."

"ಉಂಡ್ನಾ?"

"ಉಂಡ್ರು."

"ಮುದ್ದೆ?"

"ಒಂದೂವರೆ ಮುದ್ದೆ ಉಂಡ್ರು."

"ಅಷ್ಟೇಯಾ? ಕಾಲ್ನೋವು ಅಂದ್ರೆ ಹಸಿವು ಹೆಂಗ್ ಕಮ್ಮಿ ಆದದು? ಮೂಳೆ ಕೂಡ್ಬೇಕಲ್ಲ, ಇನ್ನೊಂದೊಸಿ ಉಣ್ಸು."

ದಿನವೂ ಹೀಗೆಯೇ. ನಾನು ಮಾಡಿದ ಸಾರನ್ನು ಮಾತ್ರ ಹೇಳುತ್ತಿದ್ದೆ. ಮಾಡದೆ ಇದ್ದದ್ದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಅತ್ತೆಗೆ ಹೇಳಬೇಕಲ್ಲ ಎಂದೇ ದಿನಕ್ಕೊಂದು ಬಗೆ ಮಾಡುತ್ತಿದ್ದೆ. ಅಲ್ಲಿನ ಯಾವುದೋ ಸೊಪ್ಪಿನ ಬಸ್ಸಾರು, ಎಲೆಕೋಸಿನ ಸಾರು, ಹಸಿಮೆಣಸಿನಕಾಯಿ ಅರೆದು ಉಪ್ಸಾರಿನ ಖಾರ. ಉಣ್ಣಲು ಇದ್ದವಳು ನಾನೊಬ್ಬಳು. ಉಂಡರು ಎಂದು ಹೇಳುವಾಗ ಕಣ್ಣ ಮುಂದೆ ಕಂಬಕ್ಕೆ ನೇತುಹಾಕಿದ ಚೀಲ ಬರುತ್ತಿತ್ತು.

ಮೆಟ್ಟಿಲು

ಪಕ್ಕದ ಹಾಸಿಗೆಯಲ್ಲಿ ನಿಶಿದಾ ಎನ್ನುವ ಮುದುಕರಿದ್ದರು. ಅವರದೂ ಇದೇ ಕಾಯಿಲೆ, ಎರಡನೆಯ ಸಲ ಆದದ್ದು. ಅವರ ಹೆಂಡತಿ ಬೆಳಿಗ್ಗೆ ಬಂದರೆ ಸಂಜೆಯವರೆಗೂ ಕೂತಿರುತ್ತಿದ್ದರು. ಗಿಡ್ಡ ಹೆಂಗಸು, ಬೆನ್ನು ಸ್ವಲ್ಪ ಬಾಗಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆ ಬಾಗಿಸುವುದು, ಅಷ್ಟೇ.

ಮಧ್ಯಾಹ್ನ ಆ ಅಮ್ಮ ಎಲ್ಲಿಗೋ ಎದ್ದು ಹೋಗುತ್ತಿದ್ದರು. ನಾನು ಉಣ್ಣದೆ ಇರುತ್ತಿದ್ದೆ. ಗಂಡನ ಮೂಗಿಗೆ ನಳಿಕೆ ಹಾಕಿರುವಾಗ ಅವರ ಎದುರು ಡಬ್ಬಿ ಬಿಚ್ಚಿ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹರಡಿ, ಉಣ್ಣುವುದು ಹೇಗೆ? ಡಬ್ಬಿಯನ್ನು ಚೀಲದಲ್ಲೇ ವಾಪಸ್ಸು ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ನಿಶಿದಾ ಅಮ್ಮ ನನ್ನ ಚೀಲವನ್ನು ತೋರಿಸಿ, ಬಾ ಎಂದು ಕೈಸನ್ನೆ ಮಾಡಿ ಕರೆದುಕೊಂಡು ಹೋದರು. ಬೆಂಕಿ ಬಿದ್ದಾಗ ಇಳಿಯಲು ಮಾಡಿದ ಹಿಂಬದಿಯ ಮೆಟ್ಟಿಲು. ಒಂದು ಮೆಟ್ಟಿಲಿನ ಮೇಲೆ ಬಟ್ಟೆ ಹಾಸಿತ್ತು. ಅವರು ದಿನಾ ಉಣ್ಣುತ್ತಿದ್ದದ್ದು ಅಲ್ಲಿ.

ಅವತ್ತಿನಿಂದ ನಮ್ಮ ಊಟ ಮೆಟ್ಟಿಲ ಮೇಲೆ. ಭಾಷೆ ಇಲ್ಲ. ಅವರು ತಮ್ಮ ಮರದ ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸುವರು. ಅನ್ನದ ಮಧ್ಯೆ ಒಂದು ಕೆಂಪು ಉಪ್ಪಿನಕಾಯಿ, ಸುರುಳಿ ಸುತ್ತಿದ ಮೊಟ್ಟೆ, ಬೇಯಿಸಿದ ಕುಂಬಳಕಾಯಿ. ನಾನು ನನ್ನ ಸ್ಟೀಲ್ ಡಬ್ಬಿ ತಿರುಗಿಸುವೆ. ಚಿತ್ರಾನ್ನ, ಕಾಳಿನ ಪಲ್ಯ. ಅವರು ಬೆರಳು ತೋರಿಸಿ ಅದರ ಹೆಸರು ಕೇಳುವರು. ನಾನು ಹೇಳುವೆ. ಅವರು ತಿರುಗಿ ಹೇಳುವರು. 'ಚಿತಿರಾನ್ನಾ.' ಒಂದು ದಿನ ಅವರು ಫ್ಲಾಸ್ಕಿನಲ್ಲಿ ತಂದ ನೂಡಲ್ಸ್ ಅನ್ನು ಸೊರ್ ಸೊರ್ ಎಂದು ಸದ್ದು ಮಾಡಿ ಎಳೆದುಕೊಂಡರು. ಹಾಗೆ ಸದ್ದು ಮಾಡುವುದೇ ಅಲ್ಲಿ ಮರ್ಯಾದೆಯಂತೆ. ನಮ್ಮ ಮಾವನವರು ಸಾರನ್ನು ಬೊಗಸೆಯಲ್ಲಿ ಸೊರ್ ಎಂದು ಎಳೆದಾಗ ಟೌನಿನಲ್ಲಿ ಬೆಳೆದ ನಾನು ಮದುವೆಯಾದ ಹೊಸದರಲ್ಲಿ ಮುಖ ಸಿಂಡರಿಸಿದ್ದೆ. ಮೆಟ್ಟಿಲ ಮೇಲೆ ಆ ಸದ್ದು ಕೇಳಿ ನಗು ಬಂತು. ನಕ್ಕ ತಕ್ಷಣ ಇಬ್ಬರೂ ಬಾಗಿಲಿನ ಕಡೆ ನೋಡಿದೆವು, ಒಳಗೆ ಮಲಗಿರುವವರಿಗೆ ಕೇಳಿಸಿತೇನೋ ಎಂದು.

ಮುದ್ದೆ ಎಂದರೇನು

ನುಂಗುವುದನ್ನು ಕಲಿಸುವುದಕ್ಕೇ ಆ ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ನಮ್ಮ ಯಜಮಾನರ ಗಂಟಲಿನ ಮೇಲೆ ಬೆರಳಿಟ್ಟು, ಒಂದು ಚೂರು ಜೆಲ್ಲಿಯನ್ನು ನಾಲಿಗೆಯ ಮೇಲಿಟ್ಟು, ನುಂಗಿ ಎನ್ನುವಳು. ಅದು ಶ್ವಾಸದ ದಾರಿಗೆ ಹೋಗಿ ಅವರು ಮುಖ ನೀಲಿಗಟ್ಟುವ ಹಾಗೆ ಕೆಮ್ಮುವರು. ಅವರಿಗೆ ಆ ಜೆಲ್ಲಿಯ ರುಚಿಯೇ ಹಿಡಿಸುತ್ತಿಲ್ಲ ಎಂದು ನನಗೆ ಕಾಣುತ್ತಿತ್ತು. ನಾಲಿಗೆಯಿಂದ ತಳ್ಳುತ್ತಿದ್ದರು.

ಊರಿನಲ್ಲಿ ಇವರು ದಿನಾ ಏನು ಊಟ ಮಾಡುತ್ತಿದ್ದರು ಎಂದು ಆ ಹುಡುಗಿ ಮೋರಿಯವರ ಮೂಲಕ ಕೇಳಿದಳು. ಮುದ್ದೆ ಎಂದೆ. ಮುಷ್ಟಿ ಹಿಡಿದು ಅಳತೆ ತೋರಿಸಿದೆ. ಎಷ್ಟು ಸಲ ಅಗಿಯುತ್ತಾರೆ ಎಂದು ಕೇಳಿದಳು. ಅಗಿಯುವುದಿಲ್ಲ, ನುಂಗುವುದು ಎಂದೆ.

ಮೋರಿ ಅದನ್ನು ಹೇಳಿದಾಗ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವರಲ್ಲಿ ಅಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡುವ ಅಂಟಾದ ಮೋಚಿ ಎನ್ನುವ ತಿಂಡಿ ಇದೆ. ಹೊಸ ವರ್ಷಕ್ಕೆ ತಿಂದೇ ತಿನ್ನುತ್ತಾರೆ, ಮುದುಕರು ಕೆಲವರು ಅದು ಗಂಟಲಿಗೆ ಸಿಕ್ಕಿಕೊಂಡು ಸಾಯುತ್ತಾರೆ. "ದಯವಿಟ್ಟು ಅದನ್ನು ಕೊಡಬೇಡಿ," ಎಂದು ಮೋರಿ ಹೇಳಿದರು. "ಇನ್ನು ಮುಂದೆ ಯಾವತ್ತೂ ಕೊಡಬೇಡಿ ಎಂದು ಇವರು ಹೇಳುತ್ತಿದ್ದಾರೆ."

ಯಾವತ್ತೂ ಎನ್ನುವ ಮಾತನ್ನು ಆ ಹುಡುಗಿ ಬಹಳ ವಿನಯದಿಂದಲೇ ಹೇಳಿರಬೇಕು.

ಅದೇ ಸಂಜೆ ಅತ್ತೆ ಹಟ ಹಿಡಿದರು. "ಅವನ ಕೈಗೇ ಫೋನ್ ಕೊಡು. ಸಾರ್ ಹೆಂಗಿತ್ತು ಅಂತ ಅವನ ಬಾಯ್ನಲ್ಲೇ ಕೇಳ್ಬೇಕು."

"ಅವರು ಆಸ್ಪತ್ರೇಲಿದಾರೆ ಅತ್ತೆ, ನಾನು ರೂಮಿಗೆ ಬಂದಿದೀನಿ."

"ದಿನಾ ಇದೇ ಯೋಳ್ತೀಯೆ. ಆಸ್ಪತ್ರೆಯಿಂದ್ಲೇ ಮಾಡು. ಮುರ್ದಿರೋದು ಕಾಲು ತಾನೆ, ಬಾಯಲ್ವಲ್ಲ?"

ಅತ್ತೆ ಕಾದರು. ಅವರ ಹಿಂದೆ ಯಾರೋ ಹಸುವನ್ನು ಹೊಡೆದುಕೊಂಡು ಹೋಗುವ ಸದ್ದು ಕೇಳಿತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬಿದ್ದದ್ದು, ಬಲಗೈ ಬಲಗಾಲು, ಮಾತು, ಮೂಗಿನ ನಳಿಕೆ. ಬಹಳ ಹೊತ್ತು ಆ ಕಡೆಯಿಂದ ಉಸಿರು ಮಾತ್ರ ಬಂತು. ಎದೆ ಹಿಡಿದುಕೊಂಡರೇನೋ ಎಂದು ಹೆದರಿ "ಅತ್ತೆ, ಅತ್ತೆ" ಎಂದು ಕೂಗಿದೆ.

"ಇವ್ನಿ ಕಣೆ," ಎಂದರು. "ಹಂಗಾರೆ ಇಷ್ಟ್ ದಿನ ನೀನ್ ಯೋಳಿದ್ ಸಾರೆಲ್ಲ?"

"ಮಾಡ್ತಿದ್ದೆ ಅತ್ತೆ. ನಾನೊಬ್ಳೇ ಉಣ್ತಿದ್ದೆ."

"ನೀನಾರ ಉಂಡ್ಯಲ್ಲ, ಬುಡು."

ಆಮೇಲೆ ಅತ್ತರು. ಅತ್ತು ಮೂಗು ಒರೆಸಿಕೊಂಡು ಮತ್ತೆ ಕೇಳಿದರು: "ಮೂಗ್ನಲ್ಲಿ ಉಯ್ದ್ರೆ ರುಚಿ ಹೆಂಗವ್ವಾ ಗೊತ್ತಾದದು? ರಾಗಿ ಹಿಟ್ ಐತಾ ಇನ್ನೂ? ರಾಗಿ ಸರಿ ಮಾಡು. ಹಿಟ್ನ ನೀರಲ್ಲಿ ಕದಡಿ ತೆಳ್ಳುನ್ ಬಟ್ಟೇಲಿ ಸೋಸು. ಹಾಲ್ನಂಗೆ ಇಳಿಯೋದ್ನ ಮಾತ್ರ ಸಣ್ಣುರೀಲಿ ಕಾಸು, ತಿರುಗ್ಸೋ ಕೈ ಬುಡ್ಬೇಡ. ಕೂಸಾಗಿದ್ದಾಗ ಅವನು ಅದ್ನೇ ಉಂಡಿದ್ದು. ಬಾಯ್ಗೆ ಗ್ಯಾಪ್ಕ ಇದ್ದದು."

ಮರುದಿನ ನನ್ನ ಹತ್ತಿಯ ಸೀರೆಯ ತುದಿ ಹರಿದು, ಸೋಸಿ, ಕಾಸಿ, ಚಿಟಿಕೆ ಉಪ್ಪು ಹಾಕಿ ತೆಗೆದುಕೊಂಡು ಹೋದೆ. ನುಂಗಿಸುವ ಹುಡುಗಿ ಅದನ್ನು ಚಮಚದಲ್ಲಿ ಎತ್ತಿ, ವಾಲಿಸಿ, ಹೇಗೆ ಜಾರುತ್ತದೆ ಎಂದು ನೋಡಿದಳು. ತಾನೇ ತಿಂದು ನೋಡಿದಳು. ಡಾಕ್ಟರನ್ನು ಕೇಳಿ ಬಂದಳು. ಆಮೇಲೆ ಅರ್ಧ ಚಮಚ ಅವರ ನಾಲಿಗೆಯ ಮೇಲಿಟ್ಟಳು.

ನಮ್ಮ ಯಜಮಾನರು ಕಣ್ಣು ಮುಚ್ಚಿದರು. ತಳ್ಳಲಿಲ್ಲ. ಗಂಟಲಿನ ಮೇಲಿದ್ದ ಹುಡುಗಿಯ ಬೆರಳಿನ ಕೆಳಗೆ ಏನೋ ಮೇಲೆದ್ದು ಕೆಳಗಿಳಿಯಿತು. ಕೆಮ್ಮು ಬರಲಿಲ್ಲ. ಇನ್ನೊಂದು. ಇನ್ನೊಂದು. ಇವತ್ತಿಗೆ ಸಾಕು ಎಂದು ಹುಡುಗಿ ಚಮಚ ಕೆಳಗಿಡಲು ಹೋದಾಗ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡರು. ಬಿಡಿಸಲು ನಾವಿಬ್ಬರೂ ಸೇರಬೇಕಾಯಿತು. ಬಲತುಟಿಯ ಕೊನೆಯಿಂದ ಸರಿ ಗದ್ದಕ್ಕೆ ಇಳಿಯುತ್ತಿತ್ತು. ಅವರಿಗೆ ಅದು ತಿಳಿಯುತ್ತಿರಲಿಲ್ಲ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಬರೆಯುವ ಹಾಗಿಲ್ಲ. ಸ್ವಲ್ಪ ದಿನಕ್ಕೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಬಾಯಿಗೆ ಏನೂ ಕೊಡಬಾರದು ಎಂದು ಹಾಸಿಗೆಯ ತಲೆದೆಸೆಯಲ್ಲಿ ಬೋರ್ಡು ಹಾಕಿದರು. ಜ್ವರ ಬಿಟ್ಟ ಮೇಲೆ ಮತ್ತೆ ಅರ್ಧ ಚಮಚದಿಂದ ಶುರು. ಅತ್ತೆಯ ಫೋನಿನಲ್ಲಿ ಈಗ ಸಾರಿನ ಮಾತಿರಲಿಲ್ಲ. "ಎಷ್ಟ್ ಚಮ್ಚ?" ಎಂದು ಕೇಳುತ್ತಿದ್ದರು. ಒಂದೂ ಇಲ್ಲ ಎಂದ ದಿನ, "ನಾಳಿಕ್ ನೋಡನ," ಎನ್ನುತ್ತಿದ್ದರು.

ಖಾಲಿ ಹಾಸಿಗೆ

ಚಳಿ ಬಲವಾದ ಮೇಲೆ ಒಂದು ಬೆಳಿಗ್ಗೆ ಹೋದಾಗ ನಿಶಿದಾ ಅವರ ಹಾಸಿಗೆಯ ಮೇಲೆ ಹೊಸ ಚಾದರ ಹಾಸಿ ಒಂದು ಮಡಿಕೆಯೂ ಇಲ್ಲದ ಹಾಗೆ ಎಳೆದು ಕಟ್ಟಿದ್ದರು. ನರ್ಸು ನನ್ನನ್ನು ನೋಡಿ ತಲೆ ತಗ್ಗಿಸಿದಳು. ಕೇಳಬೇಕಾದ ಅಗತ್ಯ ಇರಲಿಲ್ಲ. ಮಧ್ಯಾಹ್ನ ಮೆಟ್ಟಿಲಿಗೆ ಹೋದೆ. ಬಟ್ಟೆ ಹಾಗೇ ಹಾಸಿತ್ತು. ಡಬ್ಬಿ ಬಿಚ್ಚದೆ ಎದ್ದು ಬಂದೆ.

ಅಲ್ಲಿ ಸತ್ತವರ ಮನೆಯವರು ಆಮೇಲೆ ಆಸ್ಪತ್ರೆಗೆ ಬಂದು ನೋಡಿಕೊಂಡವರಿಗೆಲ್ಲ ಬಗ್ಗಿ ಕೃತಜ್ಞತೆ ಹೇಳುವ ಪದ್ಧತಿ ಇದೆ. ನಮ್ಮಲ್ಲಿ ಆ ಬಾಗಿಲಿಗೆ ಮತ್ತೆ ಕಾಲಿಡುವುದಿಲ್ಲ. ನಿಶಿದಾ ಅಮ್ಮ ಕಪ್ಪು ಬಟ್ಟೆಯಲ್ಲಿ ಬಂದರು. ಎಲ್ಲರಿಗೂ ನಮಸ್ಕಾರ ಮಾಡಿ ನನ್ನ ಹತ್ತಿರ ಬಂದಾಗ ನಾನು ಚೀಲ ತೋರಿಸಿ, ಬಾ ಎಂದು ಕೈಸನ್ನೆ ಮಾಡಿದೆ. ಮೆಟ್ಟಿಲ ಮೇಲೆ ಕೂತೆವು. ಮೋರಿಯವರೂ ಅವತ್ತು ಇದ್ದರು. ಆ ಅಮ್ಮ ಡಬ್ಬಿ ತಂದಿರಲಿಲ್ಲ. ನನ್ನ ಚಿತ್ರಾನ್ನವನ್ನೇ ಮುಚ್ಚಳಕ್ಕೆ ಹಾಕಿಕೊಟ್ಟೆ. ನಾಲ್ಕು ಅಗುಳು ಬಾಯಿಗಿಟ್ಟುಕೊಂಡು ಏನೋ ಹೇಳಿದರು.

"ಮನೆಯಲ್ಲಿ ಈಗ ಎಲ್ಲಿ ಬೇಕಾದರೂ ಕೂತು ಉಣ್ಣಬಹುದು ಎನ್ನುತ್ತಿದ್ದಾರೆ," ಎಂದರು ಮೋರಿ. "ಆದರೆ ಉಣ್ಣಲಾಗುತ್ತಿಲ್ಲ. ಇಲ್ಲಿ ದಿನಾ ಉಣ್ಣಲು ಎದ್ದು ಬರುತ್ತಿದ್ದೆ. ಆ ಹೊತ್ತೆಲ್ಲ ಅವರು ಒಬ್ಬರೇ ಇದ್ದರು. ಅವರ ಪಕ್ಕದಲ್ಲೇ ಕೂತು ಉಣ್ಣಬೇಕಿತ್ತೋ ಏನೋ, ಗೊತ್ತಾಗುತ್ತಿಲ್ಲ ಎನ್ನುತ್ತಿದ್ದಾರೆ."

ಮರುದಿನ ನಾನು ಧೈರ್ಯ ಮಾಡಿ ನಮ್ಮ ಯಜಮಾನರ ಹಾಸಿಗೆಯ ಪಕ್ಕದಲ್ಲೇ ಡಬ್ಬಿ ಬಿಚ್ಚಿದೆ. ಒಂದು ತುತ್ತು ಎತ್ತಿದೆ. ಅವರು ಡಬ್ಬಿಯನ್ನು ನೋಡಿದರು, ನನ್ನ ಕೈ ನೋಡಿದರು, ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸಿಕೊಂಡರು. ಡಬ್ಬಿ ಮುಚ್ಚಿದೆ. ಉಳಿದ ದಿನಗಳೆಲ್ಲ ಮೆಟ್ಟಿಲಿನ ಮೇಲೆ ಒಬ್ಬಳೇ ಉಂಡೆ.

ಸಾತನೂರು

ಹೊಸ ವರ್ಷ ಕಳೆದು, ನಮ್ಮ ಯಜಮಾನರು ಒಂದು ಬಟ್ಟಲು ಸರಿ ನುಂಗುವ ಹಾಗಾದ ಮೇಲೆ ನಮ್ಮನ್ನು ಕಳಿಸಿಕೊಟ್ಟರು. ಮೂಗಿನ ನಳಿಕೆ ಹೋಗಿತ್ತು. ಮಾತು ಬಂದಿರಲಿಲ್ಲ. ಬೆಂಗಳೂರಿನಲ್ಲಿ ಇಳಿದಾಗ ಕಂಪನಿಯ ಕಾರು ಬಂದಿತ್ತು. ಚನ್ನಪಟ್ಟಣದಲ್ಲಿ ಮಗಳನ್ನು ಹತ್ತಿಸಿಕೊಂಡು ನೇರ ಸಾತನೂರಿಗೆ ಹೋದೆವು. ದಾರಿಯಲ್ಲಿ ಬಿಡದಿ ದಾಟಿದಾಗ ಶಿಫ್ಟು ಬಿಡುವ ಹೊತ್ತು. ಗೇಟಿನಿಂದ ಜನ ಊಟದ ಬ್ಯಾಗು ಹಿಡಿದುಕೊಂಡು ಹೊರಬರುತ್ತಿದ್ದರು. ನಮ್ಮ ಯಜಮಾನರು ಆ ಕಡೆ ನೋಡಲಿಲ್ಲ, ಅಥವಾ ನೋಡಿದರೂ ತೋರಿಸಿಕೊಳ್ಳಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಳುತ್ತಾರೆ ಎಂದುಕೊಂಡಿದ್ದೆ. ಮಗನ ಗದ್ದ ಹಿಡಿದು, ಎಳೆದಿದ್ದ ತುಟಿಯನ್ನು ಹೆಬ್ಬೆರಳಿನಿಂದ ಸವರಿದರು ಅಷ್ಟೇ. ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಆಗಲೇ ಸೋಸಿಟ್ಟಿದ್ದ ಸರಿಯನ್ನು ಕಾಸಿ ತಂದು ತಾವೇ ಉಣ್ಣಿಸಿದರು. ಚಮಚಕ್ಕೊಮ್ಮೆ ನಿಲ್ಲಿಸಿ, ಗಂಟಲು ನೋಡಿ, ಇನ್ನೊಂದು. ಆ ಜಪಾನಿನ ಹುಡುಗಿ ಹೇಳಿಕೊಟ್ಟಿದ್ದನ್ನೆಲ್ಲ ನಾನು ಫೋನಿನಲ್ಲಿ ಹೇಳಿದ್ದೆ. ಅತ್ತೆ ಒಂದನ್ನೂ ಮರೆತಿರಲಿಲ್ಲ.

ನಮಗೆಲ್ಲ ಅವರೆ ಕಾಳಿನ ಸಾರು, ಮುದ್ದೆ ಆಗಿತ್ತು. ಮೈದುನನ ಹೆಂಡತಿ ನನ್ನ ಕಿವಿಯಲ್ಲಿ, "ಅಕ್ಕ, ಬಾವ ನೋಡೋ ಹಂಗೆ ಹೆಂಗಕ್ಕಾ ಬಡ್ಸದು? ಹಿತ್ಲಿಗೆ ತಕಂಡ್ ಹೋಗನ," ಎಂದಳು. ತಟ್ಟೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದೆವು. ಕೊಟ್ಟಿಗೆಯ ಪಕ್ಕ, ಸೌದೆ ಒಟ್ಟಿದ ಕಡೆ, ಅತ್ತೆ, ನಾನು, ಮಗಳು, ಮೈದುನ, ಅವನ ಹೆಂಡತಿ ಕೂತೆವು. ಅತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿದರು. ಬಾಯಿಗೆ ಎತ್ತಲಾಗಲಿಲ್ಲ.

ಒಳಗೆ ದಬ್ ದಬ್ ಎಂದು ಸದ್ದಾಯಿತು. ಬಿದ್ದರು ಎಂದುಕೊಂಡು ಎಲ್ಲರೂ ಎಂಜಲು ಕೈಯಲ್ಲೇ ಓಡಿದೆವು. ಬಿದ್ದಿರಲಿಲ್ಲ. ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿಯುತ್ತಿದ್ದರು. ನಮ್ಮನ್ನು ನೋಡಿ ಬಡಿಯುವುದು ನಿಲ್ಲಿಸಿದರು.

"ಏನಪ್ಪಾ? ನೀರ್ ಬೇಕಾ?" ಎಂದರು ಅತ್ತೆ.

ಅಲ್ಲ ಎಂದು ತಲೆಯಾಡಿಸಿದರು. ಅತ್ತೆಯ ಕೈಯಲ್ಲಿ ಸಾರು ಅಂಟಿದ್ದನ್ನು ನೋಡಿದರು. ಆಮೇಲೆ ತಮ್ಮ ಕಾಲಿನ ಮುಂದಿನ ನೆಲವನ್ನು ಬೆರಳಿನಿಂದ ತೋರಿಸಿದರು. ಬಾಯಿ ಬಹಳ ಕಷ್ಟಪಟ್ಟಿತು. "ಇ... ಇ..." ಎಂದರು.

"ಇಲ್ಲೇನಾ? ಇಲ್ಲೇ ಕೂತ್ಕೊಂಡು ಉಣ್ಬೇಕಾ ನಾವು?"

ಹೌದು ಎಂದು ಗೋಣು ಹಾಕಿದರು. ನನ್ನ ಕಡೆಗೂ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ ಬೇಡಿಕೆಯಿತ್ತೋ ನನಗೆ ಈಗಲೂ ತಿಳಿಯದು.

ಮೈದುನ ಹೋಗಿ ತಟ್ಟೆಗಳನ್ನು ತಂದ. ಅವರ ಎದುರು ಸಾಲಾಗಿ ಕೂತೆವು. ಮುದ್ದೆ ತಣ್ಣಗಾಗಿತ್ತು. ಎಲ್ಲರೂ ಮುರಿದು ಸಾರಿಗೆ ಅದ್ದುತ್ತಲೇ ಇದ್ದೆವು. ಅವರು ಒಬ್ಬೊಬ್ಬರ ತಟ್ಟೆಯನ್ನೂ ನೋಡುತ್ತಾ ಹೋದರು. ಕೊನೆಗೆ ಅತ್ತೆ ಒಂದು ತುತ್ತು ನುಂಗಿ, ಮಗನ ಮುಖ ನೋಡಿ ಹೇಳಿದರು:

"ಅವ್ರೆಕಾಯಿ ಒಸಿ ಬಲ್ತೋಗೈತೆ ಕಣಪ್ಪ. ಉಪ್ಪು ಸರ್ಯಾಗೈತೆ. ಖಾರ ಒಂದ್ ಚೂರು ಮುಂದು."

ಅವರ ಮುಖ ಅತ್ತೆಯ ಕಡೆ ತಿರುಗಿತು. ಅತ್ತೆ ಇನ್ನೊಂದು ತುತ್ತು ನುಂಗಿದರು. ನುಂಗಿ, ಅದರ ರುಚಿಯನ್ನೂ ಹೇಳಿದರು.